ಬೆಲ್ಲದ ಕೇಕು ಮತ್ತು ಮೂರು ಕ್ಯಾಲೊರಿ

ಕಳೆದ ತಿಂಗಳು ಮೊಮ್ಮಗಳ ಹುಟ್ಟುಹಬ್ಬ. ಧಾರವಾಡದ ನಮ್ಮ ಮನೆಗೆ ಈಗ ಅಂಗಡಿಯ ಕೇಕು ಬರುವುದಿಲ್ಲ. ಸೊಸೆಯೇ ಮೊಟ್ಟೆಯಿಲ್ಲದೆ, ಮೊಸರು ಹಾಕಿ, ಓವನ್ನಿನಲ್ಲಿ ಮಾಡುತ್ತಾಳೆ. ಈ ಸಲ ಅವಳು ತಟ್ಟೆಯನ್ನು ನನ್ನ ಮುಂದಿಟ್ಟು, “ಮಾವಾರ, ನೀವು ಹೆದರಬ್ಯಾಡ್ರಿ. ಇದರಾಗ ಸಕ್ಕರಿ ಒಟ್ಟ ಇಲ್ರಿ, ಬರೇ ಬೆಲ್ಲ. ಇನ್ನೊಂದು ತುಂಡು ತಗೋರಿ” ಎಂದಳು.

ನಾನು ಎರಡನೆಯ ತುಂಡನ್ನು ತೆಗೆದುಕೊಳ್ಳಲಿಲ್ಲ. ಆಕೆ ಬೇಸರಪಟ್ಟುಕೊಂಡಳೆಂದು ಕಾಣುತ್ತದೆ. ಅಂದು ನೆಂಟರಿಷ್ಟರ ನಡುವೆ ಹೇಳಲಾಗದ ಮಾತನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಅವರ ಮನೆಗಳಲ್ಲಿಯೂ ಇದೇ ಮಾತು ನಡೆಯುತ್ತಿರಬಹುದು.

ವಿಜ್ಞಾನದ ಮಾಸ್ತರನಾದ ನನಗೆ ಲೆಕ್ಕವಿಲ್ಲದೆ ಮಾತಾಡುವುದು ಒಗ್ಗದು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾಗುವ ಶಾಖವೇ ಆಹಾರದ ಲೆಕ್ಕದಲ್ಲಿ ನಾವು ಹೇಳುವ ಒಂದು ಕ್ಯಾಲೊರಿ. ಒಂದು ಗ್ರಾಂ ಸಕ್ಕರೆಗೆ ಸುಮಾರು 4 ಕ್ಯಾಲೊರಿ, ಒಂದು ಗ್ರಾಂ ಶುದ್ಧ ಕೊಬ್ಬಿಗೆ ಸುಮಾರು 9. ಇಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಸಾಧಾರಣವಾದ ಒಂದು ಕೇಕಿಗೆ 200 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 150 ಗ್ರಾಂ ಬೆಣ್ಣೆ ಹಿಡಿಯುತ್ತದೆ ಎನ್ನೋಣ. ಮೈದಾದಿಂದ ಸುಮಾರು 700, ಸಕ್ಕರೆಯಿಂದ 800, ಬೆಣ್ಣೆಯಿಂದ ಸುಮಾರು 1,100 ಕ್ಯಾಲೊರಿ, ಒಟ್ಟು 2,600. ಹನ್ನೆರಡು ತುಂಡು ಮಾಡಿದರೆ ತುಂಡಿಗೆ ಸುಮಾರು 217. ಈಗ ಸಕ್ಕರೆಯನ್ನು ತೆಗೆದು ಅಷ್ಟೇ ತೂಕದ ಬೆಲ್ಲವನ್ನು ಹಾಕಿರಿ. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸುಕ್ರೋಸೇ. 100 ಗ್ರಾಂಗೆ ಸುಮಾರು 380 ಕ್ಯಾಲೊರಿ. ಇಡೀ ಕೇಕಿನಲ್ಲಿ ಉಳಿದದ್ದು 40 ಕ್ಯಾಲೊರಿ, ತುಂಡಿಗೆ ಮೂರು ಚಿಲ್ಲರೆ! ಆ ಮೂರರ ಧೈರ್ಯದ ಮೇಲೆ ಇನ್ನೊಂದು ತುಂಡನ್ನು ತಿಂದರೆ ಇನ್ನೂರಕ್ಕೂ ಹೆಚ್ಚು ಸೇರಿತು. ಬೆಲ್ಲಕ್ಕೆ ಅದರದೇ ಆದ ರುಚಿಯುಂಟು, ಒಂದಿಷ್ಟು ಖನಿಜಾಂಶವೂ ಉಂಟು. ಆದರೆ ರಕ್ತವು ಅದರ ಬಣ್ಣವನ್ನು ನೋಡುವುದಿಲ್ಲ.

ಈ ಲೆಕ್ಕವನ್ನು ನಾನು ಹಿಂದೊಮ್ಮೆ ಹೇಳಬೇಕಾಗಿತ್ತು, ಹೇಳಲಿಲ್ಲ. ಹುಬ್ಬಳ್ಳಿಯಲ್ಲಿದ್ದ ನನ್ನ ಅಣ್ಣನಿಗೆ ಮಧುಮೇಹ ಬಂದಾಗ ಆತ ಅಂದಿನಿಂದಲೇ ಸಕ್ಕರೆಯನ್ನು ಬಿಟ್ಟ. ಚಹಾಕ್ಕೆ ಬೆಲ್ಲ, ಗೋಧಿ ಹುಗ್ಗಿಗೆ ಧಾರಾಳವಾಗಿ ಬೆಲ್ಲ, ಸಂಜೆಗೆ ಬೆಲ್ಲದ ಬಿಸ್ಕೀಟು. “ತಮ್ಮಾ, ಬೆಲ್ಲ ಅಂದ್ರ ಔಷಧ ಇದ್ದಂಗ. ಸಕ್ಕರಿನ ಬಿಟ್ಟೇನಿ, ಇನ್ನೇನ ಚಿಂತಿ?” ಎನ್ನುತ್ತಿದ್ದ. ಹಿರಿಯನ ಸಂತೋಷಕ್ಕೆ ಅಡ್ಡಿಯಾಗಬಾರದೆಂದು ಸುಮ್ಮನಿದ್ದೆ. ಕೆಲವು ವರ್ಷಗಳ ಬಳಿಕ ಅವನ ಕಣ್ಣು ಮಂಜಾಯಿತು. ದಿನವೂ ಓದುತ್ತಿದ್ದ ಪತ್ರಿಕೆಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಯಿತು. ಬೆಲ್ಲವೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ತರಗತಿಯಲ್ಲಿ ನೂರಾರು ಮಕ್ಕಳಿಗೆ ಸುಕ್ರೋಸಿನ ಪಾಠ ಹೇಳಿದವನು ಒಡಹುಟ್ಟಿದವನಿಗೆ ಹೇಳಲಿಲ್ಲವಲ್ಲ ಎಂಬ ನೋವು ಇಂದಿಗೂ ಉಳಿದಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ನಮ್ಮ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ದಿನದ ಆಹಾರಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. 2,000 ಕ್ಯಾಲೊರಿ ಉಣ್ಣುವವನಿಗೆ ಅದು 50 ಗ್ರಾಂ. ಜೇನುತುಪ್ಪವನ್ನೂ ಹಣ್ಣಿನ ರಸವನ್ನೂ ಆ ಸಂಸ್ಥೆ ಇದೇ ಲೆಕ್ಕಕ್ಕೆ ಸೇರಿಸಿದೆ. ಮೇಲಿನ ಕೇಕಿನ ಒಂದು ತುಂಡಿನಲ್ಲೇ ಸುಮಾರು 17 ಗ್ರಾಂ ಸಕ್ಕರೆ ಇದೆ. ಇನ್ನು ಕೃತಕ ಸಿಹಿಗಳ ಮಾತು. ತೂಕ ಇಳಿಸುವ ಸಾಧನವಾಗಿ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ಬಳಸಬೇಡಿರೆಂದು ಅದೇ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹವಿರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ; ಅವರು ತಮ್ಮ ವೈದ್ಯರನ್ನು ಕೇಳಬೇಕು.

ಹಾಗಾದರೆ ಕೇಕನ್ನೇ ಬಿಡಬೇಕೆ? ಬೇಡ. ಎಲ್ಲಿ ಕೈ ಇಡಬೇಕೆಂಬುದನ್ನು ತಿಳಿದರೆ ಸಾಕು. ಕೇಕಿನಲ್ಲಿ ಅತಿ ಹೆಚ್ಚು ಕ್ಯಾಲೊರಿ ಅಡಗಿರುವುದು ಬೆಣ್ಣೆಯಲ್ಲಿ. 150 ಗ್ರಾಂನಲ್ಲಿ ಅರ್ಧವನ್ನು ತೆಗೆದು 75 ಗ್ರಾಂ ಗಟ್ಟಿ ಮೊಸರು ಹಾಕಿದರೆ ಸುಮಾರು 500 ಕ್ಯಾಲೊರಿ ಇಳಿಯುತ್ತದೆ. ಸಕ್ಕರೆಯನ್ನೋ ಬೆಲ್ಲವನ್ನೋ ಕಾಲು ಭಾಗ ಕಡಿಮೆ ಮಾಡಿದರೆ ಇನ್ನೂ 200. ಈಗ ತುಂಡಿಗೆ ಸುಮಾರು 160 ಕ್ಯಾಲೊರಿ. ಮೂರರ ಬದಲು ಐವತ್ತೇಳು ಉಳಿಯಿತು! ಮೊಸರಿನ ಜಾಗದಲ್ಲಿ ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಕಿವುಚಿ ಹಾಕಬಹುದು. ಅದರ ಸಿಹಿಯಿಂದಾಗಿ ಸಕ್ಕರೆ ಕಡಿಮೆಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ.

ಆದರೆ ಬೆಣ್ಣೆಯನ್ನು ಪೂರ್ತಿ ತೆಗೆಯಬಾರದು. ಬೆಣ್ಣೆಯು ಹಿಟ್ಟಿನ ಕಣಗಳನ್ನು ಆವರಿಸಿ ಅದರ ಅಂಟು ಬಿಗಿಯದಂತೆ ತಡೆಯುತ್ತದೆ; ಅದಿಲ್ಲದ ಕೇಕು ರಬ್ಬರಿನಂತಾಗುತ್ತದೆ. ಸಕ್ಕರೆಯೂ ಬರಿಯ ಸಿಹಿಗಲ್ಲ. ತೇವವನ್ನು ಹಿಡಿದಿಡುವುದು, ಮೇಲ್ಭಾಗಕ್ಕೆ ಕಂದು ಬಣ್ಣ ಕೊಡುವುದು ಅದೇ. ಮೊಸರು ಹೆಚ್ಚಿಸಿದಾಗ ಹಾಲನ್ನು ಅಷ್ಟು ತಗ್ಗಿಸಬೇಕು. ಹೀಗೆ ಮಾಡಿದ ಕೇಕು ಬಹಳ ದಿನ ತಾಳದು. ಒಂದೆರಡು ದಿನದಲ್ಲಿ ಮುಗಿಸಬೇಕು.

ನಮ್ಮ ಕೃಷಿ ವಿಶ್ವವಿದ್ಯಾಲಯದ ಕೃಷಿಮೇಳಕ್ಕೆ ಹೋದವರು ಸಿರಿಧಾನ್ಯದ ಬಿಸ್ಕೀಟುಗಳನ್ನು ಕಂಡಿರುತ್ತಾರೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿದ್ದುದರಿಂದ ನವಣೆ, ಜೋಳಗಳಿಗೆ ಮತ್ತೆ ಮರ್ಯಾದೆ ಬಂದದ್ದು ಸಂತೋಷ. ಅವುಗಳ ನಾರು ಮೈದಾದಲ್ಲಿಲ್ಲ. ಆದರೆ ಕ್ಯಾಲೊರಿಯಲ್ಲಿ ದೊಡ್ಡ ಅಂತರವಿಲ್ಲ: 100 ಗ್ರಾಂ ಮೈದಾಕ್ಕೆ ಸುಮಾರು 350 ಆದರೆ ಜೋಳಕ್ಕೆ ಸುಮಾರು 330. ಹಿಟ್ಟನ್ನು ಬದಲಿಸಿ, ಬೆಣ್ಣೆ ಸಕ್ಕರೆಗಳನ್ನು ಹಾಗೆಯೇ ಉಳಿಸಿದರೆ ಹೆಸರು ಮಾತ್ರ ಆರೋಗ್ಯದ್ದಾಗುತ್ತದೆ.

ನಾನು ಚಿಕ್ಕವನಿದ್ದಾಗ ದೀಪಾವಳಿಯ ಮುನ್ನ ಅವ್ವ ಮೈದಾ, ಸಕ್ಕರೆ, ಡಾಲ್ಡಾಗಳನ್ನು ಡಬ್ಬಿಗಳಲ್ಲಿ ತುಂಬಿ ಬೇಕರಿಗೆ ಕಳಿಸುತ್ತಿದ್ದಳು. ಭಟ್ಟಿಯ ಮುಂದೆ ಕಾದು ಕುಳಿತು ಬಿಸಿ ನಾನಖಟಾಯಿಯನ್ನು ಮನೆಗೆ ತರುತ್ತಿದ್ದೆವು. ಅದರಲ್ಲಿ ಆರೋಗ್ಯವಿತ್ತೆಂದು ನಾನು ಹೇಳುವುದಿಲ್ಲ; ಡಾಲ್ಡಾ ಒಳ್ಳೆಯದಾಗಿರಲಿಲ್ಲ. ಆದರೆ ಅದು ವರ್ಷಕ್ಕೊಮ್ಮೆ ಬರುತ್ತಿತ್ತು, ಅವ್ವ ಎಣಿಸಿ ಕೈಗೆ ಎರಡು ಕೊಡುತ್ತಿದ್ದಳು, ಅದನ್ನು ಯಾರೂ ಔಷಧವೆಂದು ಕರೆಯುತ್ತಿರಲಿಲ್ಲ. ಲೈನ್ ಬಜಾರಿನ ಪೇಢೆಯ ವಿಷಯದಲ್ಲಿಯೂ ನನ್ನ ನಿಲುವು ಇದೇ. ಪೇಢೆ ಪೇಢೆಯಾಗಿಯೇ ಇರಲಿ. ನನಗೆ ಒಂದು ಸಾಕು.

ಮೊನ್ನೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸೊಸೆಗೆ ಕೊಟ್ಟೆ. ಓದಿ ನಕ್ಕಳು. ಭಾನುವಾರ ಅರ್ಧ ಬೆಣ್ಣೆ, ಅರ್ಧ ಮೊಸರು, ಮುಕ್ಕಾಲು ಪಾಲು ಬೆಲ್ಲದ ಕೇಕು ಮಾಡಿದಳು. ಸ್ವಲ್ಪ ಹೆಚ್ಚೇ ಮೆತ್ತಗಾಗಿತ್ತು, ರುಚಿಗೆ ಕೊರತೆಯಿರಲಿಲ್ಲ. “ಇದು ಆರೋಗ್ಯದ ಕೇಕ್ ಅಲ್ರಿ ಮಾವಾರ, ಬರೇ ಕೇಕ್” ಎಂದು ಹೇಳಿ ಒಂದು ತುಂಡು ಕೊಟ್ಟಳು. ಇನ್ನೊಂದನ್ನು ಕೊಡಲಿಲ್ಲ. ಅಣ್ಣನಿಗೆ ನಾನು ಹೇಳಬೇಕಾಗಿದ್ದುದೂ ಇಷ್ಟೇ.