ಹಿಡಿ ಅಸಲಿಯಾದರೆ ಸಾಕಾ?

"ಹಿಡಿ ಅಸಲಿ ಸಾರ್, ಅಲಗು ಮಾತ್ರ ಬೇರೆ ಹಾಕಿದೀವಿ" ಅನ್ನೋ ಹಳೇ ಸಾಮಾನಿನ ವ್ಯಾಪಾರಿಗಳನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತೆ. ಮಾತ್ರ ಅಂತೆ! ತಲ್ವಾರಿನ ಅಲಗನ್ನು ಹಿಡಿಯೊಳಗೆ ಅರಗು ತುಂಬಿ ಕೂರಿಸುತ್ತಿದ್ದರು, ಕಾಯಿಸಿದರೆ ಬಿಟ್ಟುಕೊಳ್ಳುತ್ತೆ. ಹಿಂದಿನವರೂ ಬದಲಾಯಿಸಿದ್ದಾರೆ, ಒಪ್ಪಿದೆ. 17ನೇ ಶತಮಾನದ ದಖ್ಖನ್ನಿನಲ್ಲಿ ಯುರೋಪಿನ ನೇರ ಅಲಗಿಗೆ ಇಲ್ಲಿಯ ಹಿಡಿ ಹಾಕಿ 'ಫಿರಂಗಿ' ಮಾಡಿಕೊಂಡರು (ತೋಪಲ್ಲ ಮಾರಾಯ್ರೆ, ಕತ್ತಿ :)). ಆದರೆ ಅವರು ಮಾಡಿದ್ದು ಬೀಸೋದಕ್ಕೆ, ಗೋಡೆಗೆ ನೇತು ಹಾಕೋದಕ್ಕಲ್ಲ.

ಒಳ್ಳೇ ಹಳೇ ಅಲಗು ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗ್ತಾ ತೆಳು. ಹಾಗಾಗಿ ಭಾರ ಕೈ ಹತ್ತಿರವೇ ಉಳಿಯುತ್ತೆ. ಈಗ ಸಿಕ್ಕಿಸೋದು ಉದ್ದಕ್ಕೂ ಒಂದೇ ದಪ್ಪದ ಪಟ್ಟಿ. ತಕ್ಕಡಿಯಲ್ಲಿ ಎರಡೂ 1 ಕೇಜಿಯೇ ತೂಗಲಿ, ಕೈಗೆ ತಗೊಂಡರೆ ಇದು ಹಾರೆ! ತುದಿಯಲ್ಲಿ ಹೆಚ್ಚಾದ 50 ಗ್ರಾಂ, ತಿರುಗಿಸುವಾಗ ದೂರದ ವರ್ಗದಿಂದ ಗುಣಿಸಿಕೊಂಡು ಕಾಡುತ್ತೆ. ಪಿಯುಸಿ ಫಿಸಿಕ್ಸು ಕಣ್ರೀ. ತಲ್ವಾರಿನ ಹಿಡಿಯೋ ಮೊದಲೇ ಇಕ್ಕಟ್ಟು, ಹಿಂದಿನ ತಟ್ಟೆ ಮಣಿಕಟ್ಟನ್ನು ಹೆಚ್ಚು ತಿರುಗಲು ಬಿಡೋದಿಲ್ಲ. ಇಂಥದ್ದನ್ನು ಎತ್ತಿ ನೋಡಿದ ಪ್ರವಾಸಿ "ಅಬ್ಬಾ, ಏನು ಭಾರ! ಆಗಿನವರು ಭೀಮರು ಬಿಡಿ" ಅಂತಾನೆ. ಆ ಸುಳ್ಳೇ ಮುಂದೆ ಇತಿಹಾಸ. ಅಲಗು ಮುರಿದಿದ್ದರೆ ಮುರಿದದ್ದನ್ನೇ ಮಾರಿ ಸ್ವಾಮಿ, ತಗೊಳ್ಳೋರು ಇದೀವಿ.