ಸಂಸ್ಥೆಯ ಮಾನವೂ ಹೆಣ್ಣುಮಗಳ ಮಾನವೂ



ಶಾಲೆಯ ಸ್ಮರಣ ಸಂಚಿಕೆಯೊಂದರಲ್ಲಿ ಏನೇನಿರತಕ್ಕದ್ದೋ ಅವೆಲ್ಲವೂ ಈ ಸಂಚಿಕೆಯಲ್ಲಿಯೂ ಇವೆ. ಪರೀಕ್ಷೆಗಳ ಫಲಿತಾಂಶ, ಆಟಪಾಟಗಳಲ್ಲಿ ಬಂದ ಬಹುಮಾನಗಳು, ದಾನಿಗಳ ಹೆಸರು, ಭಾವಚಿತ್ರಗಳು, ಇವನ್ನು ನೋಡಿ ತಾವು ಸಂತೋಷಪಡುವಿರೆಂದು ನಂಬಿದ್ದೇವೆ. ಇಂಥ ಪುಟಗಳ ನಡುವೆ ನಾವು ಈಗ ಎತ್ತಿಕೊಳ್ಳುವ ವಿಷಯವು ಕೆಲವರಿಗೆ ಅಪ್ರಿಯವಾಗಿ ತೋರಬಹುದು. ಹೆಂಗಸರು ಮಾತ್ರ ಕೂಡಿರುವ ಸಭೆಯಲ್ಲಿ ಇದನ್ನು ಮೆಲ್ಲನೆ ಹೇಳಿದರೆ ಸಾಲದೇ ಎಂದು ಸಂಚಿಕೆಯ ಸಮಿತಿಯ ಹಿರಿಯರೊಬ್ಬರು ವಿನಯದಿಂದಲೇ ಕೇಳಿದರು. ಮೆಲ್ಲನೆ ಹೇಳಿ ಹೇಳಿಯೇ ಈ ಕೇಡು ಇಷ್ಟು ಕಾಲ ನಮ್ಮ ನಡುವೆ ಬೆಳೆದುಕೊಂಡು ಬಂದಿರುವುದರಿಂದ, ಅಚ್ಚಿನಲ್ಲಿಯೇ ಹೇಳುವುದು ಒಳ್ಳೆಯದೆಂದು ನಮಗೆ ತೋರಿತು. ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಹೆಣ್ಣುಮಕ್ಕಳಿಗೆ ಶಾಲೆ, ಸಭೆ, ಮಠ, ವಿದ್ಯಾರ್ಥಿನಿಲಯ ಮೊದಲಾದ ಸಂಸ್ಥೆಗಳು ಸಲ್ಲಿಸಬೇಕಾದ ಋಣವೇನು ಎಂಬುದೇ ಆ ವಿಷಯವು.

ಮೊದಲು ನಮ್ಮ ನಾಲಿಗೆಯನ್ನೇ ಪರೀಕ್ಷಿಸೋಣ. ಮನೆಯಲ್ಲಿ ಕಳವಾದರೆ ಕಳ್ಳನನ್ನು ಬೈಯುತ್ತೇವೆಯೇ ಹೊರತು ಮನೆಯೊಡೆಯನ ಮಾನ ಹೋಯಿತೆಂದು ಯಾರೂ ಅನ್ನುವುದಿಲ್ಲ. ದುಷ್ಟನೊಬ್ಬನು ಹುಡುಗಿಯ ಮೇಲೆ ಕೈಮಾಡಿದರಾದರೋ ಅದಕ್ಕೆ ‘ಮಾನಭಂಗ’ವೆಂದು ಹೆಸರು, ಹುಡುಗಿ ‘ಕೆಟ್ಟಳು’ ಎಂದು ಮಾತು. ಕೆಟ್ಟ ಕೆಲಸ ಮಾಡಿದವನು ಒಬ್ಬನು, ಕೆಟ್ಟವಳೆನಿಸಿಕೊಳ್ಳುವವಳು ಮತ್ತೊಬ್ಬಳು. ಮುಳ್ಳಿನ ಮೇಲೆ ಎಲೆ ಬಿದ್ದರೂ ಎಲೆಯ ಮೇಲೆ ಮುಳ್ಳು ಬಿದ್ದರೂ ಹರಿಯುವುದು ಎಲೆಯೇ ಎಂಬ ಗಾದೆಯನ್ನು ನಮ್ಮ ಅಜ್ಜಿಯಂದಿರು ಹೆಣ್ಣುಮಕ್ಕಳ ಹಿತಕ್ಕಾಗಿಯೇ ಹೇಳಿದರೆಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಗಾದೆಯಲ್ಲಿ ಮುಳ್ಳಿಗೆ ಹೇಳಿದ ಬುದ್ಧಿ ಒಂದೂ ಇಲ್ಲ.

ಇದು ಓದುಬರಹವಿಲ್ಲದವರ ಅಭ್ಯಾಸವೆಂದು ತಿಳಿಯಬಾರದು. ೨೦೨೦ನೆಯ ಇಸವಿಯ ಜೂನ್ ತಿಂಗಳಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವೇ ಒಂದು ಜಾಮೀನಿನ ಆಜ್ಞೆಯಲ್ಲಿ, ಕೃತ್ಯವಾದ ಮೇಲೆ ದಣಿದು ನಿದ್ದೆಹೋದೆನೆಂದು ಹೇಳಿದ ಸ್ತ್ರೀಯನ್ನು ಕುರಿತು, ಅದು ಭಾರತೀಯ ನಾರಿಗೆ ತಕ್ಕುದಲ್ಲವೆಂಬ ಅರ್ಥದ ಮಾತನ್ನು ಬರೆಯಿತು. ದೇಶದ ನಾನಾ ಕಡೆಗಳಿಂದ ಆಕ್ಷೇಪಣೆ ಬಂದ ಮೇಲೆ ಮುಂದಿನ ತಿಂಗಳಲ್ಲಿ ಆ ಮಾತನ್ನು ತೆಗೆದುಹಾಕಲಾಯಿತು. ತೆಗೆದುಹಾಕಿದ್ದು ನ್ಯಾಯಾಲಯಕ್ಕೆ ಭೂಷಣವೇ. ಆದರೆ ನೊಂದವಳು ಹೀಗೆಯೇ ಅಳಬೇಕು, ಹೀಗೆಯೇ ಕೂಗಬೇಕು, ಅಂದೇ ಓಡಿಬಂದು ಹೇಳಬೇಕು ಎಂಬ ಕಲ್ಪನೆಯು ನಮ್ಮೆಲ್ಲರ ಮನಸ್ಸಿನಲ್ಲಿಯೂ ಬೇರೂರಿದೆ. ಭಯದಿಂದ ಮೈ ಮರಗಟ್ಟುವುದು, ಬಾಯಿ ಕಟ್ಟುವುದು, ವರುಷಗಳ ಮೇಲೆ ಒಂದು ದಿನ ಮಾತು ಹೊರಡುವುದು, ಇವು ಸುಳ್ಳಿನ ಲಕ್ಷಣಗಳಲ್ಲ, ಪೆಟ್ಟಿನ ಲಕ್ಷಣಗಳು. ದೂರು ತಡವಾಯಿತೆಂಬ ಒಂದೇ ಕಾರಣದಿಂದ ಇಂಥ ಸ್ತ್ರೀಯ ಮಾತನ್ನು ತಳ್ಳಿಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿಯೇ ಪಂಜಾಬಿನ ಒಂದು ಮೊಕದ್ದಮೆಯಲ್ಲಿ ಹೇಳಿದೆ.

ನಮ್ಮ ಸೀಮೆಯಲ್ಲಿ ಮಾತು ತಡವಾಗಲು ಬೇರೆ ಕಾರಣಗಳೂ ಉಂಟು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಗಳೆಂದರೆ ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿಕೊಂಡಿರುವ ಊರುಗಳಲ್ಲ. ತೋಟಕ್ಕೊಂದು ಮನೆ; ನಡುವೆ ಗದ್ದೆ, ಹಳ್ಳ, ಕಾಡು. ಪ್ರೌಢಶಾಲೆಗೆಂದು ಹೊರಟ ಹುಡುಗಿ ಪೇಟೆಯಲ್ಲಿರುವ ನೆಂಟರ ಮನೆಯಲ್ಲಿಯೋ ವಿದ್ಯಾರ್ಥಿನಿಲಯದಲ್ಲಿಯೋ ಉಳಿಯಬೇಕಾಗುವುದು ಈಗಲೂ ಅಪೂರ್ವವಲ್ಲ. ಅವಳನ್ನು ಯಾರ ಕೈಗೆ ಒಪ್ಪಿಸಿದೆವೋ ಆ ಕೈಯೇ ಕೇಡು ಮಾಡಿದರೆ ಅವಳು ಯಾರಿಗೆ ಹೇಳತಕ್ಕದ್ದು? ಇಂಥ ಮೊಕದ್ದಮೆಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತಲೂ ಹೆಚ್ಚಿನವುಗಳಲ್ಲಿ ಆರೋಪಿಯು ಮಗುವಿಗೆ ಪರಿಚಿತನೇ ಆಗಿರುವನೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ವರುಷ ವರುಷವೂ ತಿಳಿಸುತ್ತಿದೆ. ಇನ್ನು ದೂರದ ಮಾತು. ಜಿಲ್ಲಾ ಆಸ್ಪತ್ರೆಯೂ ದೊಡ್ಡ ಕಛೇರಿಗಳೂ ಇರುವ ಶಿವಮೊಗ್ಗೆಯು ಈ ತಾಲ್ಲೂಕು ಪೇಟೆಗಳಿಂದ ಸುಮಾರು ೬೦–೭೦ ಕಿಲೋಮೀಟರು. ಶರಾವತಿಯ ಹಿನ್ನೀರಿನಾಚೆಯ ತುಮರಿ ಕಡೆಯವರಂತೂ ೨೦೨೫ರ ಜುಲೈ ೧೪ರಂದು ಸೇತುವೆ ತೆರೆಯುವ ತನಕ ಸಾಗರಕ್ಕೆ ಬರಲು ಲಾಂಚನ್ನೇ ನಂಬಿಕೊಂಡಿದ್ದರು. ಸಂಜೆಗೆ ಲಾಂಚು ನಿಂತರೆ ಈಚೆಯ ಠಾಣೆಯೂ ವೈದ್ಯರೂ ಬೆಳಗಿನ ತನಕ ಇಲ್ಲದಂತೆಯೇ. ಸೇತುವೆಯ ಉದ್ಘಾಟನೆಯ ದಿನ ವ್ಯಾಪಾರದ ಮಾತು, ದೇವಸ್ಥಾನದ ಮಾತು ಬಹಳ ಕೇಳಿದೆವು. ರಾತ್ರಿಯಲ್ಲಿ ನೆರವು ಬೇಕಾದ ಹೆಂಗಸಿನ ಮಾತನ್ನು ಯಾರೂ ಆಡಲಿಲ್ಲ.

ನಮ್ಮ ಪಾಠಶಾಲೆಗಳಲ್ಲಿ ದಾವೀದ ಮಹಾರಾಜನ ಕಥೆಯನ್ನು ಬಹು ಉತ್ಸಾಹದಿಂದ ಕಲಿಸುತ್ತಾರೆ. ಗೊಲ್ಯಾತನೂ ಕವಣೆಯ ಕಲ್ಲೂ ಎಲ್ಲ ಮಕ್ಕಳಿಗೂ ಗೊತ್ತು. ಸಮುವೇಲನ ಎರಡನೆಯ ಗ್ರಂಥದ ಹದಿಮೂರನೆಯ ಅಧ್ಯಾಯವನ್ನು ಮಾತ್ರ ದಾಟಿಬಿಡುವುದು ರೂಢಿ. ಅಲ್ಲಿ ದಾವೀದನ ಮಗಳು ತಾಮಾರಳ ಮೇಲೆ ಅವಳ ಮಲಸಹೋದರನಾದ ಅಮ್ನೋನನು ರೋಗದ ನೆಪ ಹೂಡಿ ಬಲಾತ್ಕಾರ ಮಾಡುತ್ತಾನೆ. ಅವಳು ಬೇಡವೆಂದದ್ದೂ, ಕಾರಣ ಕೊಟ್ಟು ವಾದಿಸಿದ್ದೂ, ತಲೆಗೆ ಬೂದಿ ಹಾಕಿಕೊಂಡು ಬೀದಿಯಲ್ಲಿ ಗಟ್ಟಿಯಾಗಿ ಅತ್ತದ್ದೂ ಗ್ರಂಥದಲ್ಲಿ ಬರೆದಿದೆ. ಅಣ್ಣನಾದ ಅಬ್ಷಾಲೋಮನು ಸುಮ್ಮನಿರು ಎಂದನು. ತಂದೆಯಾದ ಅರಸನು ಸುದ್ದಿ ಕೇಳಿ ಬಹಳ ಕೋಪಗೊಂಡನು. ಕೋಪಗೊಂಡು ಏನನ್ನೂ ಮಾಡಲಿಲ್ಲ. ಎರಡು ವರುಷದ ಮೇಲೆ ಅಬ್ಷಾಲೋಮನು ಅಮ್ನೋನನನ್ನು ಕೊಲ್ಲಿಸಿದನು. ಅದರಿಂದ ತಾಮಾರಳಿಗೆ ಬಂದ ನ್ಯಾಯವೇನು? ಅವಳು ಅಣ್ಣನ ಮನೆಯಲ್ಲಿ ಹಾಳುಬಿದ್ದ ಬಾಳು ಬಾಳಿದಳೆಂಬಲ್ಲಿಗೆ ಅವಳ ಕಥೆ ಮುಗಿಯಿತು. ಸುಮ್ಮನಿರಿಸುವ ಬಂಧುವೂ ಕೋಪಗೊಂಡು ಕೈಕಟ್ಟಿ ಕೂರುವ ಅಧಿಕಾರಿಯೂ ಇಂದಿಗೂ ನಮ್ಮ ಸಂಸ್ಥೆಗಳ ಆಡಳಿತ ಮಂಡಲಿಗಳಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿಯೇ ಕುಳಿತಿರುತ್ತಾರೆ.

ಅಧಿಕಾರವುಳ್ಳವರ ಎದುರಿಗೆ ಬಡ ಹೆಂಗಸಿನ ಮಾತು ನಿಲ್ಲುವುದೇ ಎಂದು ಕೇಳುವವರು ಹಾಸನದ ಕಡೆ ನೋಡಬೇಕು. ೨೦೨೪ರ ಏಪ್ರಿಲ್ ತಿಂಗಳಲ್ಲಿ, ಲೋಕಸಭೆಯ ಚುನಾವಣೆಯ ಕಾಲಕ್ಕೆ, ಅಲ್ಲಿಯ ಲೋಕಸಭಾ ಸದಸ್ಯರಾಗಿದ್ದ ಪ್ರಜ್ವಲ್ ರೇವಣ್ಣನವರಿಗೆ ಸಂಬಂಧಿಸಿದ ಚಿತ್ರಗಳನ್ನು ತುಂಬಿದ ಪೆನ್‌ಡ್ರೈವ್‌ಗಳು ಊರೂರು ಹರಿದಾಡಿದುವು. ಹೆಂಗಸರ ಮುಖಗಳನ್ನು ಮರೆಮಾಡುವ ದಯೆಯನ್ನೂ ಹಂಚಿದವರು ತೋರಿಸಲಿಲ್ಲ. ಕೇಡು ಮಾಡಿದವನ ವಿರುದ್ಧ ಹೋರಾಡುವೆವೆಂದು ಹೇಳುತ್ತ ಕೇಡಿಗೊಳಗಾದವಳನ್ನು ಬೀದಿಗೆಳೆಯುವುದು ಎರಡನೆಯ ದೌರ್ಜನ್ಯವು. ಅದನ್ನು ಕುತೂಹಲದಿಂದ ನೋಡಿ ಇನ್ನೊಬ್ಬರಿಗೆ ದಾಟಿಸಿದವರಲ್ಲಿ ವಿದ್ಯಾವಂತರೂ ಇದ್ದರೆಂಬುದು ನಾಚಿಕೆಗೇಡು. ಇಷ್ಟರ ನಡುವೆಯೂ ಆ ಕುಟುಂಬದಲ್ಲಿ ಮನೆಗೆಲಸ ಮಾಡುತ್ತಿದ್ದ ಒಬ್ಬ ಸ್ತ್ರೀಯು ನ್ಯಾಯಾಲಯದಲ್ಲಿ ನಿಂತು ಸಾಕ್ಷ್ಯ ನುಡಿದರು. ವಿಶೇಷ ತನಿಖಾ ದಳದವರು ಆಕೆಯ ಸೀರೆಯೊಂದನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದ್ದು ಆಕೆಯ ಮಾತಿಗೆ ಬಲವಾಯಿತು. ೨೦೨೫ರ ಆಗಸ್ಟ್ ೧ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯವು ಆರೋಪಿಯನ್ನು ಅಪರಾಧಿಯೆಂದು ತೀರ್ಮಾನಿಸಿ, ಮರುದಿನ ಆಜೀವ ಕಾರಾಗೃಹವಾಸವನ್ನು ವಿಧಿಸಿ, ಆಕೆಗೆ ಪರಿಹಾರ ಧನವನ್ನೂ ಕೊಡಿಸಿತು. ಇದರ ಮೇಲೆ ಉಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಿದೆ. ಅದು ಏನಾದರೂ ಆಗಲಿ, ಮಾಜಿ ಪ್ರಧಾನಿಯ ಮೊಮ್ಮಗನೊಬ್ಬನು ತನ್ನ ಮನೆಯ ಕೆಲಸದಾಕೆಗೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾಯಿತು.

ಈಗ ನಮ್ಮ ಮನೆಯ ಮಾತು. ಹೊರಗಿನವರ ದೋಷವನ್ನು ಎಣಿಸಿ ಒಳಗಿನದನ್ನು ಮುಚ್ಚಿದರೆ ಓದುಗರು ನಮ್ಮನ್ನು ನಂಬಬೇಕಾದ ಕಾರಣವಿಲ್ಲ. ಕ್ರೈಸ್ತ ಸಭೆಯ ಸಂಸ್ಥೆಗಳಲ್ಲಿಯೂ ಇದು ನಡೆದಿದೆ. ನಡೆದದ್ದಕ್ಕಿಂತ ಹೆಚ್ಚಾಗಿ ಮುಚ್ಚಿಡಲ್ಪಟ್ಟಿದೆ. ಅಮೇರಿಕದ ಬಾಸ್ಟನ್ ನಗರದ ಪತ್ರಿಕೆಯೊಂದು ೨೦೦೨ರಲ್ಲಿ, ಮಕ್ಕಳನ್ನು ಕೆಡಿಸಿದ ಪಾದ್ರಿಗಳನ್ನು ಮೇಲಧಿಕಾರಿಗಳು ಒಂದು ಸಭೆಯಿಂದ ಇನ್ನೊಂದು ಸಭೆಗೆ ವರ್ಗ ಮಾಡುತ್ತಿದ್ದುದನ್ನು ಬಯಲಿಗೆ ತಂದಿತು. ಇಂಗ್ಲೆಂಡಿನಲ್ಲಿ ಜಾನ್ ಸ್ಮಿತ್ ಎಂಬವನು ಹುಡುಗರ ಕ್ರೈಸ್ತ ಶಿಬಿರಗಳ ಮೂಲಕ ಪರಿಚಯ ಮಾಡಿಕೊಂಡು ಅನೇಕರನ್ನು ಕ್ರೂರವಾಗಿ ಹೊಡೆದು ಹಿಂಸಿಸಿದನು. ೨೦೧೩ರಲ್ಲಿ ಸಂಗತಿಯು ತನ್ನ ಕಿವಿಗೆ ಬಿದ್ದಾಗ ತಕ್ಕ ಕ್ರಮ ಜರುಗಿಸಲಿಲ್ಲವೆಂಬ ಕಾರಣಕ್ಕೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪರಾಗಿದ್ದ ಜಸ್ಟಿನ್ ವೆಲ್ಬಿಯವರು ೨೦೨೪ರ ನವೆಂಬರ್ ತಿಂಗಳಲ್ಲಿ ಪದತ್ಯಾಗವನ್ನು ಪ್ರಕಟಿಸಬೇಕಾಯಿತು. ಅಷ್ಟರಲ್ಲಿ ಸ್ಮಿತ್ ವಿಚಾರಣೆಯಿಲ್ಲದೆಯೇ ೨೦೧೮ರಲ್ಲಿ ಸತ್ತಿದ್ದನು. ಇದು ದೂರದ ಸೀಮೆಯ ಕಥೆಯೆನ್ನಬೇಡಿ. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳು ಉಪಾಧ್ಯಾಯರೊಬ್ಬರ ಮೇಲೆ ದೂರು ಹೇಳಿದಾಗ, ಹುಡುಗಿಗೆ ವರ್ಗಾವಣೆ ಪತ್ರವನ್ನೂ ಉಪಾಧ್ಯಾಯರಿಗೆ ಸನ್ನಡತೆಯ ಪತ್ರವನ್ನೂ ಒಂದೇ ವಾರದಲ್ಲಿ ಕೊಟ್ಟದ್ದನ್ನು ಕಂಡಿದ್ದೇವೆ. ಎರಡು ಕಾಗದಗಳಿಗೂ ಒಂದೇ ಮೊಹರು.

ನಮ್ಮವರಲ್ಲಿ ವಿಶೇಷವಾಗಿ ಕಾಣುವ ಇನ್ನೊಂದು ಕೇಡೆಂದರೆ ಕ್ಷಮೆಯ ಒತ್ತಾಯ. ಹುಡುಗಿ ಬಾಯಿಬಿಟ್ಟ ಕೂಡಲೆ ಕ್ಷಮಿಸಿಬಿಡು ಎಂದು ಹಿರಿಯರು ಉಪದೇಶಿಸುವರು. ಕ್ಷಮಿಸುವ ಹಕ್ಕು ನೊಂದವಳದು. ಅದನ್ನು ಸಂಸ್ಥೆಯು ಅವಳಿಂದ ವಸೂಲು ಮಾಡತಕ್ಕದ್ದಲ್ಲ. ಜಕ್ಕಾಯನು ಮರದಿಂದಿಳಿದು ಮಾತಾಡಿದ್ದು, ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವ ವಿಷಯವನ್ನು. ಮೋಸಹೋದವರು ಅವನನ್ನು ಕ್ಷಮಿಸಬೇಕೆಂದು ಅಲ್ಲಿ ಯಾರೂ ಒತ್ತಾಯಿಸಲಿಲ್ಲ.

ಕಾಯಿದೆಯು ಈಗ ಸ್ಪಷ್ಟವಾಗಿದೆ. ೨೦೧೨ರ ನವೆಂಬರ್ ೧೪ರಿಂದ ಜಾರಿಯಲ್ಲಿರುವ ಪೋಕ್ಸೋ ಕಾಯಿದೆಯಂತೆ, ಮಗುವಿನ ಮೇಲೆ ಇಂಥ ಅಪರಾಧವಾಗಿದೆಯೆಂದು ತಿಳಿದವರು ಯಾರೇ ಆಗಲಿ ಪೋಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರುಷದ ವರೆಗೆ ಸಜೆಯಾಗಬಹುದು. ‘ಮೊದಲು ನಾವೇ ಒಳಗೆ ವಿಚಾರಿಸುತ್ತೇವೆ’ ಎಂಬ ಮಾತಿಗೆ ಅಲ್ಲಿ ಎಡೆಯಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರದಲ್ಲಿ ಶಾಲೆಯೊಂದರ ವಿದ್ಯಾರ್ಥಿನಿಲಯದ ಹುಡುಗಿಯರಿಗೆ ಚಿಕಿತ್ಸೆ ಮಾಡಿಯೂ ವಿಷಯ ತಿಳಿಸಲಿಲ್ಲವೆಂಬ ಆರೋಪ ಹೊತ್ತ ವೈದ್ಯರ ಮೇಲಿನ ಮೊಕದ್ದಮೆಯನ್ನು ಕೆಳಗೆ ರದ್ದುಮಾಡಿದ್ದಾಗ, ಸರ್ವೋಚ್ಚ ನ್ಯಾಯಾಲಯವು ೨೦೨೨ರ ನವೆಂಬರ್ ತಿಂಗಳಲ್ಲಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿತು. ಪೋಷಕರು ಇನ್ನೂ ಕೆಲವನ್ನು ತಿಳಿದಿರಬೇಕು. ಮಗುವಿನ ಹೇಳಿಕೆಯನ್ನು ಅವಳ ಮನೆಯಲ್ಲಿಯೋ ಅವಳು ಬಯಸಿದ ಸ್ಥಳದಲ್ಲಿಯೋ, ಸಾಧ್ಯವಾದ ಮಟ್ಟಿಗೆ ಮಹಿಳಾ ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ಹುಡುಗಿಯನ್ನು ಪರೀಕ್ಷಿಸುವವರು ವೈದ್ಯೆಯೇ ಆಗಿರಬೇಕು. ದೂರು ದಾಖಲಾಗುವ ಮುಂಚೆಯೂ ಪರೀಕ್ಷೆ ಮಾಡಬಹುದು. ಖಾಸಗಿ ಆಸ್ಪತ್ರೆಯವರೂ ಪ್ರಥಮ ಚಿಕಿತ್ಸೆಯನ್ನಾಗಲಿ ಮುಂದಿನ ಚಿಕಿತ್ಸೆಯನ್ನಾಗಲಿ ಹಣ ಕೇಳದೆ ಕೊಡಬೇಕು. ವಿಚಾರಣೆಯು ಮುಚ್ಚಿದ ಬಾಗಿಲೊಳಗೆ ನಡೆಯುವುದು. ಹೆಸರನ್ನು ಪತ್ರಿಕೆಗಳು ಅಚ್ಚುಮಾಡಕೂಡದು. ಮಕ್ಕಳ ಸಹಾಯವಾಣಿಯ ಸಂಖ್ಯೆ ೧೦೯೮. ಇದನ್ನು ಮಕ್ಕಳಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿರಿ.

ಆದರೆ ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡುವವರು ಇಂದಿನ ಮಕ್ಕಳಲ್ಲ, ಈ ಸಂಚಿಕೆಯನ್ನು ಕೈಯಲ್ಲಿ ಹಿಡಿದಿರುವ ನೀವು. ನಿಮ್ಮಲ್ಲಿ ಮೂವತ್ತು ನಲವತ್ತು ವರುಷಗಳ ಹಿಂದೆ, ಈ ಶಾಲೆಯಲ್ಲಿಯೋ ಬೇರೆಡೆಯಲ್ಲಿಯೋ, ನೊಂದವರು ಇರಬಹುದು. ಈಗ ನಿಮಗೆ ಮೊಮ್ಮಕ್ಕಳಿರಬಹುದು. ಪೋಕ್ಸೋ ಕಾಯಿದೆಯ ಕೆಳಗಿನ ದೂರಿಗೆ ಕಾಲದ ಮಿತಿಯಿಲ್ಲವೆಂದು ಕೇಂದ್ರ ಸರಕಾರವು ೨೦೧೮ರಲ್ಲಿ ಸ್ಪಷ್ಟಪಡಿಸಿತು; ಆದರೆ ಆ ಕಾಯಿದೆಯು ತಾನು ಹುಟ್ಟುವುದಕ್ಕೆ ಹಿಂದಿನದಕ್ಕೆ ಅನ್ವಯಿಸದು. ಹಳೆಯ ದಂಡ ಸಂಹಿತೆಯಲ್ಲಿ ಬಲಾತ್ಕಾರಕ್ಕೆ ಮಿತಿಯಿರಲಿಲ್ಲ. ಕೈಯೆಳೆಯುವುದು, ಮೈಮುಟ್ಟುವುದು ಮುಂತಾದುವಕ್ಕೆ ಮಾತ್ರ ೨೦೧೩ರ ತಿದ್ದುಪಡಿಯ ತನಕ ಎರಡು ವರುಷಕ್ಕೆ ಮೀರಿದ ಶಿಕ್ಷೆ ಇರಲಿಲ್ಲವಾದುದರಿಂದ, ಸಾಮಾನ್ಯವಾಗಿ ಮೂರು ವರುಷದೊಳಗೆ ಕೋರ್ಟಿಗೆ ಹೋಗಬೇಕಾಗಿತ್ತು. ಹತ್ತು ವರುಷದ ಹುಡುಗಿ ಹದಿಮೂರು ತುಂಬುವುದರೊಳಗೆ! ಹೀಗೆ ಎಷ್ಟೋ ಮಂದಿಯ ಪಾಲಿಗೆ ನ್ಯಾಯಾಲಯದ ಬಾಗಿಲು ಅವರು ಬಾಯಿಬಿಡುವ ಮುಂಚೆಯೇ ಮುಚ್ಚಿಹೋಯಿತು. ಅಂಥವರಿಗೆ ಉತ್ತರ ಕೊಡತಕ್ಕವರು ಉಳಿದಿರುವುದು ಸಂಸ್ಥೆಗಳು ಮಾತ್ರ. ‘ಹೌದು, ಇದು ನಡೆಯಿತು; ನಿನ್ನ ತಪ್ಪಲ್ಲ; ತಿಳಿದವರು ಸುಮ್ಮನಿದ್ದರು’ ಎಂದು ಸಂಸ್ಥೆಯು ಕಾಗದದ ಮೇಲೆ ಬರೆದು ಕೊಟ್ಟರೆ ಆ ಗಾಯಕ್ಕೆ ಅದೇ ಮೊದಲ ಔಷಧವಾಗಬಹುದು. ಆರೋಪಿತನು ಸತ್ತಿದ್ದಾನೆ, ಆಗಿನ ಆಡಳಿತ ಬೇರೆ, ಹಳೆಯದನ್ನೇಕೆ ಕೆದಕಬೇಕು ಎನ್ನುವವರಿಗೆ ನಮ್ಮ ಪ್ರಶ್ನೆ ಒಂದೇ: ಹಿಂದಿನವರು ಕಟ್ಟಿದ ಕಟ್ಟಡವನ್ನೂ ಗಳಿಸಿದ ಕೀರ್ತಿಯನ್ನೂ ನಮ್ಮದೆಂದು ಸಂಚಿಕೆಯಲ್ಲಿ ಅಚ್ಚುಮಾಡುವ ನಾವು ಅವರ ಸಾಲವನ್ನು ಮಾತ್ರ ನಮ್ಮದಲ್ಲವೆನ್ನುವುದು ಹೇಗೆ?

ಆದುದರಿಂದ ಈ ವರುಷದಿಂದ ನಮ್ಮ ಶಾಲೆಯಲ್ಲಿ ಒಂದು ಏರ್ಪಾಡನ್ನು ಮಾಡಿದ್ದೇವೆ. ಪೂರ್ವ ವಿದ್ಯಾರ್ಥಿನಿಯರು ಯಾವ ಕಾಲದ ಸಂಗತಿಯನ್ನಾದರೂ ಬರೆದು ತಿಳಿಸಬಹುದು. ಕಾಗದವನ್ನು ಒಡೆದು ಓದುವವರು ನಾವಾಗಲಿ ಆಡಳಿತ ಮಂಡಲಿಯವರಾಗಲಿ ಅಲ್ಲ. ಶಾಲೆಯ ಸಂಬಳ ಪಡೆಯದ, ನಮ್ಮ ಸಭೆಗೆ ಸೇರದ ಒಬ್ಬ ವಕೀಲೆಯೂ ಒಬ್ಬ ವೈದ್ಯೆಯೂ. ಹದಿನೈದು ದಿನಗಳೊಳಗೆ ಲಿಖಿತವಾಗಿ ಉತ್ತರ ಬರುವುದು. ಠಾಣೆಗೆ ಹೋಗಬಯಸುವವರ ಜೊತೆಗೆ ಒಬ್ಬರು ಹೋಗುವರು. ಹೋಗಲೊಲ್ಲದ ಹಿರಿಯರನ್ನು ಯಾರೂ ಬಲವಂತ ಮಾಡುವುದಿಲ್ಲ. ಆದರೆ ಹೆಸರಿಸಲ್ಪಟ್ಟವನು ಈಗಲೂ ಮಕ್ಕಳ ನಡುವೆ ಕೆಲಸದಲ್ಲಿದ್ದರೆ ಸುಮ್ಮನಿರುವ ಸ್ವಾತಂತ್ರ್ಯ ನಮಗಿಲ್ಲವೆಂದು ಮೊದಲೇ ತಿಳಿಸುತ್ತೇವೆ. ಶಾಲೆಯ ಹಳೆಯ ಹಾಜರಿ ಪುಸ್ತಕಗಳು, ಉಪಾಧ್ಯಾಯರ ನೇಮಕದ ದಾಖಲೆಗಳು, ವಿದ್ಯಾರ್ಥಿನಿಲಯದ ದಿನಚರಿಗಳು ಇವನ್ನೆಲ್ಲ ಈ ಬೇಸಗೆಯಲ್ಲಿ ಬಿಸಿಲಿಗೆ ಹಾಕಿ, ವರುಷವಾರು ಕಟ್ಟಿ ಇಡಿಸಿದ್ದೇವೆ. ಕೆಲವು ಮಳೆಗೂ ಗೆದ್ದಲಿಗೂ ತುತ್ತಾಗಿವೆ. ಉಳಿದವು ಕಛೇರಿಯ ಬೀರುವಿನಲ್ಲಿವೆ. ತನಗೆ ಸಂಬಂಧಿಸಿದ ಪುಟವನ್ನು ಕೇಳಿ ಬಂದವಳಿಗೆ ಅದನ್ನು ತೆರೆದು ತೋರಿಸಲಾಗುವುದು.