ಗಂಟಲಬ್ಯಾನಿ, 21 ದಿನದ ಸೂಜಿ ಮತ್ತ ನಮ್ಮ ಮನೀ ಹುಡುಗ್ಯಾರು

ಅಕ್ಕಂದಿರ, ವೈನಿಯರ, ಓಣ್ಯಾಗಿನ ಗೆಳತ್ಯಾರ, ಈ ಸಲ ಅಡಗಿ, ಹಬ್ಬದ ಮಾತು ಬಿಟ್ಟು ಒಂದು ಜಡ್ಡಿನ ಮಾತು ಹೇಳ್ತೀನಿ. ಬ್ಯಾಸರಾ ಮಾಡ್ಕೋದಂಗ ಪೂರಾ ಓದ್ರಿ, ಇದು ಸೀದಾ ನಮ್ಮ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟದ್ದು.

ಸಾಲಿಗೆ ಹೋಗೋ ಹುಡುಗ್ರಿಗೆ ಗಂಟಲಬ್ಯಾನಿ ಬರೋದು ನಮಗೇನು ಹೊಸಾದಲ್ಲ. ಉಪ್ಪುನೀರು ಮುಕ್ಕಳಿಸು ಅಂತೀವಿ, ರಾತ್ರಿ ಅರಿಷಿಣ ಹಾಕಿದ ಹಾಲು ಕೊಡ್ತೀವಿ, ಶುಂಠಿ ಕಷಾಯ ಮಾಡ್ತೀವಿ. ಮೂರ್ನಾಲ್ಕು ದಿನದಾಗ ಎದ್ದು ಆಡ್ಲಿಕ್ಕೆ ಹೋಗ್ತಾವ. ಹೆಚ್ಚಿನ ಗಂಟಲಬ್ಯಾನಿ ವೈರಸ್ಸಿಂದ ಬಂದದ್ದೇ ಇರ್ತದ, ತಾನಾಗೇ ಹೋಗ್ತದ. ಹಿಂಗಾಗಿ ಕಷಾಯದ ಬಗ್ಗೆ ನಂದೇನೂ ತಕರಾರಿಲ್ಲ. ನನ್ನ ಮಾತಿರೋದು ಉಳಿದ ಕೆಲವು ಗಂಟಲಬ್ಯಾನಿ ಬಗ್ಗೆ.

ಸ್ಟ್ರೆಪ್ಟೋಕಾಕಸ್ ಅಂತ ಒಂದು ಬ್ಯಾಕ್ಟೀರಿಯಾ ಅದ. ಅದು ಗಂಟಲಿಗೆ ಹತ್ತಿದ್ರ ಒಮ್ಮೆಲೇ ಜ್ವರಾ ಬರ್ತದ, ಉಗುಳು ನುಂಗಲಿಕ್ಕೂ ತ್ರಾಸ ಆಗ್ತದ, ಕುತಿಗಿ ಮುಂದಿನ ಗಂಟು ಮುಟ್ಟಿದ್ರ ನೋಯ್ತಾವ, ಟಾನ್ಸಿಲ್ ಮ್ಯಾಲೆ ಬೆಳ್ಳಗ ಕೀವು ಕಾಣಸಬಹುದು. ನೆಗಡಿ, ಕೆಮ್ಮು ಮಾತ್ರ ಸಾಮಾನ್ಯವಾಗಿ ಇರಂಗಿಲ್ಲ. ಇಂಥಾ ಹುಡುಗರನ್ನ ಡಾಕ್ಟರ್ ಕಡೆ ತೋರಸಬೇಕು. ನಾವೇ ಔಷಧದ ಅಂಗಡಿಗೆ ಹೋಗಿ ಗುಳಿಗಿ ತರೋದು ಬ್ಯಾಡ. ಮತ್ತ ಡಾಕ್ಟರ್ 10 ದಿನದ ಗುಳಿಗಿ ಬರದ್ರ 10 ದಿನ ಕೊಡಬೇಕು. ಮೂರನೇ ದಿನಕ್ಕ ಜ್ವರಾ ಬಿಡ್ತು ಅಂತ ಉಳಿದದ್ದು ಡಬ್ಬ್ಯಾಗ ಎತ್ತಿಡೋದಲ್ಲ.

ಯಾಕಂದ್ರ ಈ ಸೋಂಕು ಗಂಟಲದಾಗ ಮುಗದು ಹೋಗೋ ಪೈಕಿ ಅಲ್ಲ. ಗಂಟಲಬ್ಯಾನಿ ಬಂದು ಹೋದ ಎರಡು-ಮೂರು ವಾರದ ಮ್ಯಾಲೆ ಕೆಲವು ಹುಡುಗ್ರಿಗೆ, ಹೆಚ್ಚಾಗಿ 5ರಿಂದ 15 ವರ್ಷದವರಿಗೆ, ಮತ್ತ ಜ್ವರಾ ಬರ್ತದ, ಸಂದು ಸಂದು ಬಾಯ್ತಾವ. ಇವತ್ತು ಮೊಣಕಾಲು, ನಾಡದು ಹಿಮ್ಮಡಿ ಗಂಟು, ಆಮ್ಯಾಲೆ ಮುಂಗೈ. ಇದಕ್ಕ ರುಮ್ಯಾಟಿಕ್ ಜ್ವರಾ ಅಂತಾರ. ಬ್ಯಾಕ್ಟೀರಿಯಾದ ಮೈಯಾಗಿನ ಕೆಲವು ಅಂಶ ನಮ್ಮ ಹೃದಯದ ಅಂಶದ ಹಾಂಗೇ ಇರ್ತಾವಂತ. ಕಳ್ಳನ್ನ ಹೊಡೀಲಿಕ್ಕೆ ಬಡಿಗಿ ಹಿಡದು ಬಂದ ಮಂದಿ ಕತ್ತಲದಾಗ ಮನೀ ಮಂದಿನ್ನೇ ಬಡದ್ರ ಹ್ಯಾಂಗೋ, ಹಾಂಗ ದೇಹದ ರಕ್ಷಣಾ ಶಕ್ತಿ ತನ್ನ ಹೃದಯದ ಕವಾಟಕ್ಕೇ, ಅಂದ್ರ ವಾಲ್ವಿಗೇ, ಏಟು ಹಾಕ್ತದ. ಸಂದಿನ ನೋವು ಗುರುತಿಲ್ಲದಂಗ ಹೋಗಿಬಿಡ್ತದ. ಕವಾಟದ ಗಾಯ ಹೋಗಂಗಿಲ್ಲ. ಮತ್ತೊಮ್ಮೆ ಸೋಂಕು ಬಂತಂದ್ರ ಅದರ ಮ್ಯಾಲೇ ಇನ್ನೊಂದು ಏಟು.

ಇನ್ನೊಂದು ಲಕ್ಷಣ ಅಂತೂ ನಾವು ಹೆಣ್ಣುಮಕ್ಕಳು ಮನಸ್ಸಿನಾಗ ಬರದಿಟ್ಕೋಬೇಕು. ಈ ಜ್ವರದ ಬೆನ್ನಿಗೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆದ ಮ್ಯಾಲೆ, ಹುಡುಗ್ರ ಕೈಕಾಲು ತಾವಾಗೇ ಎಳದಾಡ್ತಾವ. ಮಾರಿ ಸೊಟ್ಟ ಆಗ್ತದ, ಅಕ್ಷರ ಕೆಡ್ತಾವ, ಕಪ್ಪು-ಬಸಿ ಕೈಯಾಗಿಂದ ಜಾರಿ ಬೀಳ್ತಾವ, ಸುಮ್ಸುಮ್ಮನ ಅಳು ಬರ್ತದ. ಸಿಡೆನ್‌ಹ್ಯಾಮ್ ಕೋರಿಯಾ ಅಂತ ಇದರ ಹೆಸರು. 17ನೇ ಶತಮಾನದಾಗ ಇದನ್ನ ಬರದಿಟ್ಟ ಇಂಗ್ಲಂಡಿನ ಡಾಕ್ಟರ್ ಥಾಮಸ್ ಸಿಡೆನ್‌ಹ್ಯಾಮ್ ಹೆಸರೇ ಇದಕ್ಕ ಅದ. ಗಂಡುಹುಡುಗರಕಿಂತ ಹುಡುಗ್ಯಾರಿಗೇ ಇದು ಹೆಚ್ಚು. ಈಗ ವಿಚಾರ ಮಾಡ್ರಿ, ನಮ್ಮ ಮನ್ಯಾಗ ಹತ್ತು ವರ್ಷದ ಹುಡುಗಿ ಕೈಯಾಗಿಂದ ದಿನಾ ಚಹಾದ ಕಪ್ಪು ಬಿದ್ರ ಏನಂತೀವಿ? ಲಕ್ಷ್ಯ ಎಲ್ಲೆ ಇಟ್ಟೀ, ನಾಳೆ ಅತ್ತೀಮನ್ಯಾಗ ಹ್ಯಾಂಗ ಬಾಳೇ ಮಾಡ್ತೀ ಅಂತ ಬೈತೀವಿ. ಬೈಯೋಕಿಂತ ಮೊದಲ ಒಂದು ತಿಂಗಳು, ಎರಡು ತಿಂಗಳು ಹಿಂದ ಗಂಟಲಬ್ಯಾನಿ, ಸಂದುನೋವು ಬಂದಿತ್ತೇನು ಅಂತ ನೆನಪು ಮಾಡ್ಕೋಬೇಕು.

ಸಣ್ಣಂದಿನ ಸೋಂಕು ಮುಂದ ಹೃದಯಕ್ಕ, ರಕ್ತನಾಳಕ್ಕ ಏನು ಮಾಡ್ತದ ಅಂತ ಜಗತ್ತಿನಾಗ ಭಾಳ ಸಂಶೋಧನಾ ನಡದಾವ. ಅವುಗಳಾಗ ಗಟ್ಟಿಯಾಗಿ ಸಾಬೀತಾದದ್ದು ಈ ಗಂಟಲಬ್ಯಾನಿದೇ. 1950ರ ಸುಮಾರಿಗೆ ಅಮೆರಿಕಾದ ವಯೋಮಿಂಗ್ ರಾಜ್ಯದ ವಾರನ್ ವಾಯುಪಡೆ ನೆಲ್ಯಾಗ ಹೊಸದಾಗಿ ಸೇರಿದ ಹುಡುಗ್ರಿಗೆ ಈ ಗಂಟಲಬ್ಯಾನಿ ಹಾವಳಿ ಎದ್ದಿತ್ತು. ಅಲ್ಲಿ ಡಾಕ್ಟರರು ಕೆಲವರಿಗೆ ಪೆನಿಸಿಲಿನ್ ಕೊಟ್ಟು, ಕೆಲವರಿಗೆ ಕೊಡದಂಗ ನೋಡಿದ್ರು. ಪೆನಿಸಿಲಿನ್ ತಗೊಂಡವರಾಗ ರುಮ್ಯಾಟಿಕ್ ಜ್ವರಾ ಭಾಳ ಅಂದ್ರ ಭಾಳ ಕಡಿಮಿ ಆತು. ಗಂಟಲಬ್ಯಾನಿ ಶುರು ಆಗಿ 9 ದಿನದೊಳಗ ಔಷಧ ಬಿದ್ರೂ ಉಪಯೋಗ ಅದ ಅಂತ ಆಮ್ಯಾಲೆ ಗೊತ್ತಾತು. ಅಂದ್ರ ಒಂದೆರಡು ದಿನ ಕಷಾಯ ಕುಡಿಸಿ ನೋಡೋಣಂತ ಕಾದ್ರೂ, ತೋರಸಲಿಕ್ಕೆ ವ್ಯಾಳ್ಯಾ ಇರ್ತದ.

ಕವಾಟಕ್ಕ ಪೆಟ್ಟು ಬಿದ್ದೇ ಬಿಟ್ಟದ ಅಂದ್ರೂ ಕೈಚೆಲ್ಲಿ ಕೂಡೋ ಕಾರಣ ಇಲ್ಲ. ಉತ್ತರ ಯುಗಾಂಡಾದಾಗ 1 ಲಕ್ಷಕ್ಕೂ ಹೆಚ್ಚು ಹುಡುಗ್ರ ಹೃದಯಾನ ಎಕೋ ಮಾಡಿ ನೋಡಿದ್ರು. ಯಾವ ತ್ರಾಸೂ ಕಾಣಸದೇ ಒಳಗೊಳಗ ಕವಾಟ ಕೆಡಲಿಕ್ಕೆ ಹತ್ತಿದ ಹುಡುಗ್ರನ್ನ ಹುಡುಕಿ, ಅರ್ಧಾ ಮಂದಿಗೆ 4 ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿ ಮಾಡಿದ್ರು, ಅರ್ಧಾ ಮಂದಿಗೆ ಇಲ್ಲ. ಎರಡು ವರ್ಷದ ಮ್ಯಾಲೆ ನೋಡಿದ್ರ ಸೂಜಿ ತಗೊಂಡ 399 ಹುಡುಗ್ರಾಗ 3 ಮಂದಿಗೆ ಜಡ್ಡು ಮುಂದ ಹೋಗಿತ್ತು, ತಗೊಳ್ಳದ 400ರಾಗ 33 ಮಂದಿಗೆ. ಇದು 2021ರಾಗ ಪ್ರಕಟ ಆತು. ಒಂದು ಹಳೇ, ಅಗ್ಗದ ಸೂಜಿ ಇಷ್ಟು ಕೆಲಸಾ ಮಾಡ್ತದ!

ನಮ್ಮಲ್ಲೆ ಸಾಮಾನ್ಯವಾಗಿ 21 ದಿನಕ್ಕೊಮ್ಮೆ ಈ ಸೂಜಿ ಮಾಡಸ್ರಿ ಅಂತಾರ. ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ. ಹೃದಯಕ್ಕ ಪೆಟ್ಟು ಬಿದ್ದಿದ್ರ ದೊಡ್ಡವರಾಗೋ ತನಕಾ, ಕೆಲವರಿಗೆ 40 ವರ್ಷದ ತನಕಾ. ಸೂಜಿ ನೋವಾಗ್ತದ, ಖರೇ. ಪೆನಿಸಿಲಿನ್ ಒಗ್ಗಲಾರದವರು ಕೆಲವರು ಇರ್ತಾರ ಅನ್ನೋದೂ ಖರೇ, ಅದಕ್ಕ ದವಾಖಾನ್ಯಾಗೇ, ತಿಳಿದವರ ಕಡೆನೇ ಮಾಡಸಬೇಕು.

ಆದ್ರ ಸೂಜಿ ತಪ್ಪೋದು ಬರೇ ನೋವಿಗೆ, ಅಂಜಿಕಿಗೆ ಅಲ್ಲ ಅಂತ ನನ್ನ ಅನಿಸಿಕಿ. ಹುಡುಗಿ ಹದಿನೆಂಟು-ಇಪ್ಪತ್ತಕ್ಕ ಬಂದ ಕೂಡ್ಲೆ ಮನ್ಯಾಗ ಪಿಸುಮಾತು ಶುರು ಆಗ್ತದ. ತಿಂಗಳಾ ತಿಂಗಳಾ ದವಾಖಾನಿಗೆ ಹೋಗೋದು ಯಾರರೆ ನೋಡಿದ್ರ? ಹೃದಯದ ಜಡ್ಡಿನಾಕಿ ಅಂತ ಸುದ್ದಿ ಆದ್ರ ಯಾರು ಮಾಡ್ಕೋತಾರ? ಸೂಜಿ ನಿಂತು ಹೋಗ್ತದ, ಫೈಲು ಟ್ರಂಕಿನ ತಳಕ್ಕ ಹೋಗ್ತದ, ಅಕ್ಷತಾ ಬೀಳ್ತಾವ.

ಬಸರು ಈ ಗುಟ್ಟನ್ನ ಮುಚ್ಚಿಡಂಗಿಲ್ಲ. ಬಸರಿದ್ದಾಗ ಮೈಯಾಗಿನ ರಕ್ತ ಮೊದಲಿನಕಿಂತ ಸುಮಾರು ಅರ್ಧದಷ್ಟು ಹೆಚ್ಚಾಗ್ತದ. ಸಂದಿ ಸಣ್ಣದಾದ ಕವಾಟದಾಗ ಅಷ್ಟು ರಕ್ತ ದಾಟಂಗಿಲ್ಲ, ಹಿಂದ ಪುಪ್ಪಸದಾಗ ನಿಲ್ತದ. ನಾಲ್ಕು ಹೆಜ್ಜಿ ನಡದ್ರ ದಮ್ಮು, ಅಂಗಾತ ಮಲಗಿದ್ರ ಉಸಿರು ಕಟ್ತದ. ಬಸುರಿಗೆ ದಮ್ಮು ಇರೋದೇ ಅಂತ ಮನೀ ಮಂದಿ ಸುಮ್ಮನಿರ್ತಾರ, ಯಾಕಂದ್ರ ಅವರಿಗೆ ಏನೂ ಹೇಳಿರಂಗಿಲ್ಲ. ಇನ್ನು ಕೆಲವರಿಗೆ ಎದಿಬಡಿತದ ತಾಳ ತಪ್ಪಿ ಹೃದಯದೊಳಗ ರಕ್ತ ಗಡ್ಡಿ ಕಟ್ತದ. ಆ ಗಡ್ಡಿ ಹೋಗಿ ಮಿದುಳಿನ ರಕ್ತನಾಳದಾಗ ಸಿಕ್ಕೊಂಡ್ರ ಮೂವತ್ತು-ನಲವತ್ತರ ವಯಸ್ಸಿನಾಗೇ ಲಕ್ವಾ.

ಇದು ಯಾರದೋ ದೂರದವರ ಕಥಿ ಅಂತ ಅನಕೋಬ್ಯಾಡ್ರಿ. ಆಫ್ರಿಕಾದ 12 ದೇಶ, ಯೆಮೆನ್ ಮತ್ತ ನಮ್ಮ ಭಾರತದ ದವಾಖಾನಿಗಳಾಗ ಈ ಹೃದಯದ ಜಡ್ಡಿನ 3,343 ಮಂದಿನ್ನ ಲೆಕ್ಕಾ ಹಾಕಿದ್ದು 2015ರಾಗ ಪ್ರಕಟ ಆಗೇದ. ಅವರ ನಡುವಿನ ವಯಸ್ಸು 28. ಮೂರು ಮಂದಿಯೊಳಗ ಸುಮಾರು ಇಬ್ಬರು ಹೆಣ್ಣುಮಕ್ಕಳು. ಜಗತ್ತಿನಾಗ ಸುಮಾರು 5.5 ಕೋಟಿ ಮಂದಿಗೆ ಈ ಜಡ್ಡು ಅದ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದ. ಶ್ರೀಮಂತ ದೇಶದಾಗ ಇದು ಬಹುತೇಕ ಇಲ್ಲದಂಗ ಆಗೇದ. ಉಳಿದದ್ದು ನಮ್ಮಂಥವರ ಕಡೆ, ಸಣ್ಣ ಮನ್ಯಾಗ ಭಾಳ ಮಂದಿ ಒತ್ತೊತ್ತಿ ಮಲಗೋ ಕಡೆ.

ಸರಕಾರ ಸೂಜಿ ಸರಿಯಾಗಿ ಸಿಗೋ ಹಾಂಗ ನೋಡ್ಕೋಬೇಕು, ಸಾಲ್ಯಾಗ ಹುಡುಗ್ರ ಹೃದಯ ತಪಾಸಣಾ ಮಾಡಸಬೇಕು, ಅದು ಬ್ಯಾರೆ ಮಾತು, ಅದನ್ನ ಕೇಳೋಣ. ಆದ್ರ ಕನ್ಯಾ ನೋಡ್ಲಿಕ್ಕೆ ಹೋದಾಗ "ಹುಡುಗಿಗೆ ಏನೂ ಜಡ್ಡು-ಜಾಪತ್ತು ಇಲ್ಲಲಾ?" ಅಂತ ಕೇಳೋರು ಯಾರು? ಸರಕಾರ ಅಲ್ಲ. ನಾವೇ, ಹುಡುಗನ ಅವ್ವ, ಅತ್ಯಾ, ಕಾಕು. ಇವತ್ತು ಹುಡುಗಿ ಕಡೆಯವರಾಗಿ ಅಂಜೋರೂ ನಾವೇ, ನಾಳೆ ಹುಡುಗನ ಕಡೆಯವರಾಗಿ ಅಂಜಸೋರೂ ನಾವೇ. ಸೂಜಿ ತಪ್ಪದಂಗ ತಗೊಂಡು, ಡಾಕ್ಟರ್ ಹೇಳಿದಂಗ ಇರೋ ಹುಡುಗಿ ಎಷ್ಟೋ ಮಂದಿ ಛಲೋ ಸಂಸಾರ ಮಾಡ್ತಾರ, ಮಕ್ಕಳನ್ನ ಹಡೀತಾರ. ಬಸರಾಗೋ ಮೊದಲ ಹೃದಯ ತೋರಿಸಿ, ಕವಾಟಕ್ಕ ಬೇಕಾದ ಉಪಚಾರ ಮಾಡಿಸಿಕೊಂಡ್ರ ಭಾಳ ಗಂಡಾಂತರ ತಪ್ಪತಾವ. ಗೊತ್ತಿದ್ದ ಜಡ್ಡಿನ ಸೊಸಿಕಿಂತ, ಮುಚ್ಚಿಟ್ಟ ಜಡ್ಡಿನ ಸೊಸಿ ಬಗ್ಗೆನೇ ಅಂಜಬೇಕು. ಆಕಿನ್ನ ಮುಚ್ಚಿಡೋ ಹಾಂಗ ಮಾಡೋರು ನಾವೇ ಅಂತ ಒಪ್ಕೊಂಡ್ರ ಅರ್ಧಾ ಉಪಚಾರ ಆದಂಗ.

ಅದಕ್ಕ ನಾ ಕೇಳೋದಿಷ್ಟೇ. ನಿಮ್ಮ ಬಳಗದಾಗ, ಓಣ್ಯಾಗ, ಮನೀ ಕೆಲಸಕ್ಕ ಬರೋ ಅಕ್ಕನ ಮನ್ಯಾಗ ಈ ಸೂಜಿ ಹೇಳಿದ ಹುಡುಗಿ ಇದ್ರ ಆಕಿ ಅವ್ವನ್ನ ಕೂಡಿಸ್ಕೊಂಡು ಮಾತಾಡ್ರಿ. ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ನಾಗ ಏಕಾದಶಿ, ಸಿಲಿಂಡರ್ ಬುಕ್ ಮಾಡಿದ ತಾರೀಖು ಬರಿತೀವಲ್ಲ, ಅದರ ಬಾಜೂಕ ಪ್ರತಿ 21ನೇ ದಿನಕ್ಕೂ ಒಂದು ಗುಂಡಗಿನ ಗುರುತು ಹಾಕಿ ಕೊಡ್ರಿ. ಆಕಿ ಅವ್ವಗ ಒಬ್ಬಾಕಿಗೇ ಹೋಗಲಿಕ್ಕೆ ಆಗಲಿಲ್ಲಂದ್ರ ಒಂದು ಸಲ ನೀವು ಜೊತಿಗೆ ದವಾಖಾನಿಗೆ ಹೋಗ್ರಿ. ಮತ್ತ ನಿಮ್ಮ ಮಗಗ ಕನ್ಯಾ ನೋಡೋ ವ್ಯಾಳ್ಯಾಕ್ಕ ಯಾರರೆ ಧೈರ್ಯಾ ಮಾಡಿ, ನಮ್ಮ ಹುಡುಗಿಗೆ ಸಣ್ಣಾಕಿದ್ದಾಗ ಹಿಂಗಾಗಿತ್ತು, ಸೂಜಿ ನಡದದ ಅಂತ ಖರೇ ಹೇಳಿದ್ರ, ಎದ್ದು ಬರಬ್ಯಾಡ್ರಿ. ಇನ್ನೊಂದು ಕಪ್ಪು ಚಹಾ ತಗೊಂಡು, ಡಾಕ್ಟರ್ ಏನಂದಾರ, ಫೈಲು ನೋಡೋಣು ಅಂತ ಕೇಳ್ರಿ.